ಏಳನೇ ಮೀಟರ್

ವಿಮಾನ ನಡೆಸಲು ಕಲಿಸುವ ಜಾಗದಲ್ಲಿ ನಾನು ಮಾಡಿದ ಮೊದಲ ಕೆಲಸ ಒಂದು ಕಪ್ಪು ಪರದೆ ಹೊಲಿದದ್ದು. ಆಗ ನಾನು ಶಕ್ತಿನಗರದ ನಮ್ಮ ಮನೆಯ ಜಗಲಿಯಲ್ಲಿ ಮೆಷಿನು ಇಟ್ಟುಕೊಂಡು ರವಿಕೆ, ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದೆ. ಕದ್ರಿಯ ಇಳಿಜಾರಿನಲ್ಲಿ ಒಂದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಪೈಲಟ್ ಆಗುವವರಿಗೆ ತರಬೇತಿ ಕೊಡುತ್ತಾರಂತೆ, ದಪ್ಪ ಬಟ್ಟೆ ಹೊಲಿಯುವವರು ಬೇಕಂತೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ವಿಮಾನ ಇಲ್ಲ. ಕೋಣೆಯ ನಡುವೆ ಒಂದು ಪೆಟ್ಟಿಗೆ ಉಂಟು. ಚಕ್ರ ಕಳಚಿದ ರಿಕ್ಷಾದಷ್ಟು ದೊಡ್ಡದು. ಒಳಗೆ ಒಂದು ಸೀಟು, ಕೈಗೆ ಹಿಡಿಕೆ, ಕಾಲಿಗೆ ಪೆಡಲು, ಎದುರಿಗೆ ಗಡಿಯಾರದಂಥ ಆರು ಮುಖಗಳು, ಅಂದರೆ ಮೀಟರುಗಳು.

ಪೆಟ್ಟಿಗೆಯ ಸುತ್ತ ಪರದೆ ಬೇಕು, ಒಂದು ಗೆರೆ ಬೆಳಕೂ ಒಳಗೆ ಹೋಗಬಾರದು ಎಂದರು ಕ್ಯಾಪ್ಟನ್ ಸರ್. ಅವರು ವಿಮಾನ ಹಾರಿಸಿ ನಿವೃತ್ತರಾದವರು, ಆ ಕೇಂದ್ರವನ್ನು ನಡೆಸುತ್ತಿದ್ದವರು. ಅಳತೆ ತೆಗೆಯುತ್ತಾ ನಾನು ಕೇಳಿದೆ, "ಹೊರಗೆ ಎಂತದೂ ಕಾಣದಿದ್ರೆ ಓಡಿಸುದು ಹೇಗೆ ಸರ್?"

"ಅದನ್ನೇ ಕಲಿಸ್ಲಿಕ್ಕೆ ನಾವು ಕೂತದ್ದು," ಎಂದರು.

ಪರದೆ ಹೊಲಿಯಲು ಹೋದವಳು ಅಲ್ಲಿಯೇ ಉಳಿದೆ. ಗುಡಿಸಿದೆ, ಚಹಾ ಮಾಡಿದೆ, ಕೊನೆಗೆ ಆ ಪೆಟ್ಟಿಗೆಯ ಹೊರಗಿನ ಮೇಜಿನಲ್ಲಿ ಕುಳಿತು ಅದನ್ನು ನಡೆಸುವ ಆಪರೇಟರ್ ಆಗಿ ನಿವೃತ್ತಳಾದೆ. ನಾನು ಓದಿದ್ದು ಆರನೇ ಕ್ಲಾಸು. ಈಗ ಈ ಕೆಲಸಕ್ಕೆ ಬರುವ ನೀವೆಲ್ಲ ಡಿಗ್ರಿ ಮುಗಿಸಿ ಬರುತ್ತೀರಿ, ಯಂತ್ರದ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಆ ಮೇಜಿನಲ್ಲಿ ಕೂತವರು ಮಾಡಬಹುದಾದ ಒಂದು ತಪ್ಪು ಯಾವ ಪುಸ್ತಕದಲ್ಲಿಯೂ ಇರಲಿಕ್ಕಿಲ್ಲ. ಅದನ್ನು ಮಾಡಿದವಳು ನಾನು, ಆದ್ದರಿಂದ ನಾನೇ ಬರೆಯಬೇಕು.

ಮೊದಲು ಕುರ್ಚಿಯ ಕತೆ ಹೇಳುತ್ತೇನೆ. ಹೊಸ ವಿದ್ಯಾರ್ಥಿಗಳು ಬಂದ ದಿನ ಕ್ಯಾಪ್ಟನ್ ಸರ್ ಅವರಿಗೆ ಮೀಟರುಗಳನ್ನು ತೋರಿಸುತ್ತಿರಲಿಲ್ಲ. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ನಾನು ಹೊಲಿದ ಪಟ್ಟಿ ಕಟ್ಟಿ, ಮೆಲ್ಲನೆ ತಿರುಗಿಸುತ್ತಿದ್ದರು. ಯಾವ ಕಡೆ ತಿರುಗುತ್ತಿದ್ದೀರಿ ಎಂದು ಬೆರಳು ತೋರಿಸಬೇಕು. ಒಂದು ದಿನ ಎಲ್ಲರ ಸರದಿ ಮುಗಿದ ಮೇಲೆ, "ಲೀಲಾ, ನೀವೂ ಕೂತು ನೋಡಿ" ಎಂದರು.

ಕೂತೆ. ಬಲಕ್ಕೆ ತಿರುಗಿಸುತ್ತಿದ್ದಾರೆ ಎಂದು ಗೊತ್ತಾಯಿತು, ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ನಿಂತಿತು, ಬೆರಳು ಕೆಳಗಿಳಿಸಿದೆ. ಎಲ್ಲರೂ ನಕ್ಕರು. ಮತ್ತೆ ಎಡಕ್ಕೆ ಜೋರಾಗಿ ತಿರುಗತೊಡಗಿತು, ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಎಡಕ್ಕೆ ಬೆರಳು ತೋರಿಸಿದೆ. ಆಗ ಅವರು ಪಟ್ಟಿ ಬಿಚ್ಚಿದರು. ಕುರ್ಚಿ ಸುಮ್ಮನೆ ನಿಂತಿತ್ತು. ನಿಂತಿದೆ ಎಂದು ನಾನು ತಿಳಿದಾಗ ಅದು ಒಂದೇ ಸಮ ತಿರುಗುತ್ತಲೇ ಇತ್ತು, ಎಡಕ್ಕೆ ತಿರುಗುತ್ತಿದೆ ಎಂದು ತಿಳಿದಾಗ ನಿಂತಿತ್ತು.

ಹುಟ್ಟಿದಂದಿನಿಂದ ನನ್ನ ಜೊತೆಗಿದ್ದ ಮೈ ನನಗೇ ಇಷ್ಟು ಸುಳ್ಳು ಹೇಳಬಲ್ಲದೆಂದು ನಾನು ತಿಳಿದಿರಲಿಲ್ಲ. ಕ್ಯಾಪ್ಟನ್ ಸರ್ ಕಿವಿ ಮುಟ್ಟಿ ತೋರಿಸಿ, ತಿರುಗುವುದು ನಿಲ್ಲುವುದು ಗೊತ್ತಾಗುವುದು ಇದರ ಒಳಗೆ, ಮೋಡದೊಳಗೆ ಇದು ಸುಳ್ಳುಗಾರ ಎಂದರು. ಮೋಡ ಹೊಕ್ಕ ಪೈಲಟ್ ಕಿವಿಯ ಮಾತು ಕೇಳಿದರೆ ವಿಮಾನ ಓರೆಯಾಗಿ ಸುತ್ತುತ್ತಾ ಇಳಿಯುತ್ತದೆ, ಅವನಿಗೆ ಮಾತ್ರ ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಅನಿಸುತ್ತಿರುತ್ತದೆ. ಆದ್ದರಿಂದ ಕಣ್ಣು ಆರು ಮುಖಗಳ ಮೇಲೆ ಇರಬೇಕು. ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ನಂತೂರಿನ ತಿರುವಿನಲ್ಲಿ ಕಣ್ಣು ಮುಚ್ಚಿ ನೋಡಿದೆ. ಹೆದರಿಕೆಯಾಗಿ ತಕ್ಷಣ ತೆರೆದೆ.

ನಾನು ಆ ಕೋಣೆಯಲ್ಲಿ ಮಾಡಿದ ಮೊದಲ ಎಡವಟ್ಟು ಬೇರೆ. ಪೆಟ್ಟಿಗೆಯ ಒಳಗಿನ ಧೂಳು ಒರೆಸುವಾಗ ಎತ್ತರದ ಮೀಟರಿನ ಕೆಳಗಿದ್ದ ಸಣ್ಣ ತಿರುಪು ತಿರುಗಿ ಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಅನಂತರ ಒಳಗೆ ಕುಳಿತ ಹುಡುಗ ಇಳಿಯುವ ಪಾಠ ಮಾಡುತ್ತಿದ್ದ. ಅವನ ಮೀಟರಿನಲ್ಲಿ ಇನ್ನೂ ಬೇಕಾದಷ್ಟು ಎತ್ತರ ಉಂಟು, ಹೊರಗೆ ಮೇಜಿನ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ನೆಲಕ್ಕೆ ಬಡಿದಿದೆ ಎಂದು ಅದರ ಅರ್ಥ. ನಾನು ಅಳಲು ಶುರು ಮಾಡಿದೆ. ಕ್ಯಾಪ್ಟನ್ ಸರ್ ಬೈಯಲಿಲ್ಲ. ಆ ಮೀಟರು ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ, ಅದು ದಿನದಿನಕ್ಕೆ ಬೇರೆಯಾಗುತ್ತದೆ, ಹೊರಡುವ ಮೊದಲು ಆ ತಿರುಪನ್ನು ನೋಡಿಕೊಳ್ಳುವುದು ಪೈಲಟನ ಕೆಲಸ, ಲೀಲಾ ಮುಟ್ಟಿದ್ದು ಸಣ್ಣ ತಪ್ಪು, ನೀನು ನೋಡದೆ ಹೋದದ್ದು ದೊಡ್ಡ ತಪ್ಪು ಎಂದು ಹುಡುಗನಿಗೆ ಹೇಳಿದರು. ನನಗೆ ಸಮಾಧಾನವಾಯಿತು. ಆಗಬಾರದಿತ್ತೇನೋ.

ಮೇಜಿನಲ್ಲಿ ಕೂರುತ್ತಿದ್ದ ಆಪರೇಟರ್ ದುಬೈಗೆ ಹೋದ ಮೇಲೆ ಆ ಕೆಲಸ ನನಗೆ ಬಂತು. ಮೇಜಿನ ಮೇಲೆ ಒಳಗಿನ ಆರು ಮುಖಗಳು ತೋರಿಸಿದ್ದನ್ನೇ ತೋರಿಸುವ ಜೊತೆಗಾರ ಮುಖಗಳಿದ್ದವು. ಪಕ್ಕದಲ್ಲಿ ಕಾಗದದ ಮೇಲೆ ಒಂದು ಪೆನ್ನು ತಾನಾಗಿಯೇ ಗೆರೆ ಎಳೆಯುತ್ತಿತ್ತು. ಒಳಗಿನ ವಿದ್ಯಾರ್ಥಿ ಹೋದ ದಾರಿ ಅದು. ಕತ್ತಲೆಯಲ್ಲಿ ಕುಳಿತ, ಮೀಸೆ ಸರಿಯಾಗಿ ಮೂಡದ ಒಬ್ಬ ಹುಡುಗ ಬರೀ ಸೂಜಿಗಳನ್ನು ನಂಬಿಕೊಂಡು ಎಲ್ಲೆಲ್ಲೋ ತಿರುಗಿ, ಕೊನೆಗೆ ಕಾಗದದ ಮೇಲೆ ರನ್‌ವೇ ಎಂದು ಗುರುತು ಮಾಡಿದ ಗೆರೆಯ ತುದಿಗೇ ಬಂದು ಸೇರುತ್ತಿದ್ದ. ಅದನ್ನು ಎಷ್ಟು ವರ್ಷ ನೋಡಿದರೂ ನನಗೆ ಹಳತಾಗಲಿಲ್ಲ. ಪೆನ್ನು ಗೆರೆಯನ್ನು ಮುಟ್ಟುವಾಗ ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು.

ಮೇಜಿನ ಆಚೆ ತುದಿಯಲ್ಲಿ ಒಂದು ಸಾಲು ಸ್ವಿಚ್ಚುಗಳು. ಒಂದೊಂದು ಮೀಟರನ್ನು ಕೆಡಿಸಲು ಒಂದೊಂದು. ಪಾಠದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹೊರೈಝನ್ ಕೆಡುವುದು. ಮೇಲೆ ನೀಲಿ, ಕೆಳಗೆ ಕಂದು, ನಡುವೆ ಪುಟ್ಟ ವಿಮಾನದ ಗುರುತು ಇರುವ ಮುಖ ಅದು, ವಿಮಾನ ನೆಟ್ಟಗಿದೆಯೋ ಓರೆಯಾಗಿದೆಯೋ ಎಂದು ತೋರಿಸುವುದು. ಪೈಲಟ್ ಹೆಚ್ಚು ನೋಡುವುದು ಅದನ್ನೇ. ಅದು ಸಾಯುವಾಗ ಒಮ್ಮೆಲೇ ಸಾಯುವುದಿಲ್ಲ. ನಿದ್ದೆ ಬಂದವರ ತಲೆಯ ಹಾಗೆ ಮೆಲ್ಲಮೆಲ್ಲನೆ ಒಂದು ಕಡೆಗೆ ವಾಲುತ್ತದೆ. ಉಳಿದ ಮೀಟರುಗಳ ಜೊತೆ ತಾಳೆ ನೋಡುತ್ತಾ ಇದ್ದವನಿಗೆ ಮಾತ್ರ ಇದು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗುವುದು. ಗೊತ್ತಾದ ಕೂಡಲೇ ಅದರ ಮುಖಕ್ಕೆ ಒಂದು ದುಂಡಗಿನ ರೆಕ್ಸಿನ್ ಬಿಲ್ಲೆ ಒತ್ತಿ ಮುಚ್ಚಬೇಕು, ಇಲ್ಲದಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆ ಬಿಲ್ಲೆಗಳನ್ನು ಕತ್ತರಿಸಿ ಅಂಚು ಹೊಲಿದವಳೂ ನಾನೇ.

ಯಾವಾಗ ಕೆಡಿಸಬೇಕೆಂದು ಕ್ಯಾಪ್ಟನ್ ಸರ್ ನನಗೆ ಕಣ್ಣಿನಲ್ಲಿ ಸನ್ನೆ ಮಾಡುತ್ತಿದ್ದರು. ಹೊರಗಿನಿಂದ ಒಳಗೆ ಏನೂ ಗೊತ್ತಾಗಬಾರದು. ನನ್ನ ಕೈತುಂಬ ಗಾಜಿನ ಬಳೆ. ಆದ್ದರಿಂದ ಪಾಠ ಶುರುವಾಗುವ ಮೊದಲು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ಕರವಸ್ತ್ರ ಸುತ್ತಿ ಕಟ್ಟಿಕೊಳ್ಳುತ್ತಿದ್ದೆ. ಅದು ನನಗೆ ನಾನೇ ಮಾಡಿಕೊಂಡ ನಿಯಮ.

ಯತೀಶ ನನ್ನ ತಮ್ಮ. ಅಮ್ಮ ಬೀಡಿ ಕಟ್ಟುತ್ತಿದ್ದಾಗ ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕೆಂದು ನಾನು ಶಾಲೆ ಬಿಟ್ಟದ್ದು. ಪಿಯುಸಿ ಓದುವಾಗ ನನಗೆ ಊಟದ ಡಬ್ಬಿ ತಂದುಕೊಡಲು ಬಂದವನು ಪರದೆ ಸರಿಸಿ ಆ ಪೆಟ್ಟಿಗೆಯನ್ನು ನೋಡಿದ. ಮತ್ತೆ ಅವನ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಮಸ್ಕತ್‌ನಲ್ಲಿದ್ದ ಮಾವ ಸಹಾಯ ಮಾಡಿದರು, ಕ್ಯಾಪ್ಟನ್ ಸರ್ ಸೇರಿಸಿಕೊಂಡರು.

ಎಲ್ಲ ಪಾಠದಲ್ಲೂ ಅವನು ಮುಂದು. ಹೊರೈಝನ್ ಕೆಡುವ ಪಾಠ ಬಂದಾಗ ಬಿದ್ದ. ಪ್ರತಿ ಸಲ ಸಾಯುವ ಮುಖವನ್ನೇ ನಂಬಿಕೊಂಡು ಅದರ ಹಿಂದೆ ಹೋಗುತ್ತಿದ್ದ, ಪ್ರತಿ ಸಲ ಕೆಂಪು ದೀಪ ಹೊತ್ತುತ್ತಿತ್ತು. ಇದನ್ನು ಹಿಡಿಯುವವರೆಗೆ ಅವನನ್ನು ನಿಜವಾದ ವಿಮಾನದ ಹತ್ತಿರ ಕಳಿಸುವುದಿಲ್ಲ ಎಂದು ಕ್ಯಾಪ್ಟನ್ ಸರ್ ಖಂಡಿತವಾಗಿ ಹೇಳಿದರು. ಜೊತೆಯವರು ಒಬ್ಬೊಬ್ಬರಾಗಿ ಉತ್ತರದ ಊರುಗಳ ಹಾರಾಟ ಶಾಲೆಗಳಿಗೆ ಹೋಗತೊಡಗಿದರು. ಇವನು ಮನೆಯಲ್ಲಿ ಬಟ್ಟಲಿನ ಮುಂದೆ ಕೂತು ಅನ್ನ ಕಲಸುತ್ತಿದ್ದ, ಉಣ್ಣುತ್ತಿರಲಿಲ್ಲ.

ಒಂದು ದಿನ ಕರವಸ್ತ್ರ ಮನೆಯಲ್ಲೇ ಮರೆತು ಹೋಗಿತ್ತು. ಯತೀಶ ಒಳಗಿದ್ದ. ಕ್ಯಾಪ್ಟನ್ ಸರ್ ಸನ್ನೆ ಮಾಡಿದರು. ಸ್ವಿಚ್ಚಿಗೆ ಕೈ ಚಾಚುವಾಗ ಬಳೆ ಸದ್ದು ಮಾಡಿತು. ಕೂಡಲೇ ಒಳಗೆ ಬಿಲ್ಲೆ ಒತ್ತಿದ ಸದ್ದು ಕೇಳಿಸಿತು. ಯತೀಶ ಹೊರೈಝನ್ನನ್ನು ಮುಚ್ಚಿದ್ದ. ಉಳಿದ ಮೀಟರುಗಳ ಮೇಲೆಯೇ ವಿಮಾನವನ್ನು ತಂದು ಇಳಿಸಿದ. ಮೇಜಿನ ಮೀಟರುಗಳನ್ನೇ ನೋಡುತ್ತಿದ್ದ ಕ್ಯಾಪ್ಟನ್ ಸರ್ ಬಳೆಯನ್ನು ಗಮನಿಸಿರಲಿಲ್ಲ, ಅವನ ಬೆನ್ನು ತಟ್ಟಿದರು.

ಆ ದಿನ ಆದದ್ದು ತಾನಾಗಿ ಆದದ್ದು. ಮರುದಿನ ಕರವಸ್ತ್ರ ನನ್ನ ಚೀಲದಲ್ಲಿಯೇ ಇತ್ತು, ನಾನು ಕಟ್ಟಿಕೊಳ್ಳಲಿಲ್ಲ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಈ ಬಗ್ಗೆ ನಾನೂ ಅವನೂ ಒಂದು ಮಾತು ಆಡಿದವರಲ್ಲ. ಅವನು ಪ್ರತಿ ಸಲ ಗೆದ್ದ. ಪರೀಕ್ಷೆಯ ದಿನವೂ ಗೆದ್ದ, ಹಾರಾಟ ಶಾಲೆಗೆ ಹೊರಟ. ಆಮೇಲೆ ಕರವಸ್ತ್ರ ಕಟ್ಟುವ ಅಭ್ಯಾಸವೇ ನನ್ನಿಂದ ತಪ್ಪಿಹೋಯಿತು. ಪಾಠಕ್ಕೆ ಕಾಯುವ ಹುಡುಗರು ಪರದೆಯ ಹೊರಗೆ ಬೆಂಚಿನಲ್ಲಿ ಕೂರುತ್ತಿದ್ದರು. ಪುತ್ತೂರಿನ ರೋಶನ್ ಎಂಬ ಹುಡುಗನಿಗೆ ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕುವ ಚಟ. ನಾನು ಸ್ವಿಚ್ಚು ಒತ್ತಿದಾಗಲೆಲ್ಲ ಅವನ ಬೆರಳು ಒಂದು ತಾಳ ಹಾಕುತ್ತಿತ್ತು. ಸುಮ್ಮನೆ ಕೂರಲು ಬಾರದ ಹುಡುಗ ಎಂದುಕೊಂಡೆ. ಬಂದರಿನಲ್ಲಿ ಅಂಗಡಿ ಇದ್ದ ಬ್ಯಾರಿ ಮುಸ್ಲಿಮರೊಬ್ಬರ ಮಗಳು ಶಾಹಿನಾ ಪೆಟ್ಟಿಗೆಯೊಳಗೆ ಹೋಗುವ ಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ಕಿವಿನೋವೆಂದು ತಿಳಿದು ನಾನು ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆಯನ್ನು ಸಣ್ಣ ಕುಪ್ಪಿಯಲ್ಲಿ ತಂದು ಕೊಟ್ಟೆ. ಅವಳು ಅದನ್ನು ಚೀಲದಲ್ಲಿ ಇಟ್ಟುಕೊಂಡಳು.

ಒಂದು ಮಧ್ಯಾಹ್ನ ಯತೀಶ ಹೇಳದೆ ಕೇಳದೆ ಮನೆಗೆ ಬಂದ. ಅಮ್ಮ ನೀರು ತರಲು ಬಾವಿಗೆ ಹೋದಾಗ ಅಡುಗೆ ಕೋಣೆಯ ಹೊಸ್ತಿಲಲ್ಲಿ ಕುಳಿತು ನನಗೆ ಹೇಳಿದ. ಕಲಿಸುವವರ ಜೊತೆ ಹಾರುತ್ತಿದ್ದನಂತೆ. ಮೋಡ ಹೊಕ್ಕರಂತೆ. ಹೊರೈಝನ್ ನಡೆಸುವ ಪಂಪು ನಿಜವಾಗಿಯೂ ಕೆಟ್ಟಿತಂತೆ. ಆ ಮುಖ ಎಡಕ್ಕೆ ವಾಲಿತು, ಇವನು ನೆಟ್ಟಗಿದ್ದ ವಿಮಾನವನ್ನು ಬಲಕ್ಕೆ ಓರೆ ಮಾಡಿದ, ಅದು ಇನ್ನೂ ವಾಲಿತು, ಇವನು ಇನ್ನೂ ಓರೆ ಮಾಡಿದ. ಪಕ್ಕದಲ್ಲಿ ರೇಡಿಯೋದಲ್ಲಿ ಮಾತಾಡುತ್ತಿದ್ದ ಕಲಿಸುವವರು ತಿರುಗಿ ನೋಡಿ ಹಿಡಿಕೆ ಕಿತ್ತುಕೊಂಡರು. ಮೋಡದ ಕೆಳಗೆ ಬಂದಾಗ ಗಾಜಿನಲ್ಲಿ ಗದ್ದೆಗಳು ಗೋಡೆಯ ಹಾಗೆ ನಿಂತಿದ್ದವಂತೆ. ಅವರು ವಿಮಾನವನ್ನು ಎತ್ತಿ ಉಳಿಸಿದರು. ನೆಲಕ್ಕೆ ಇಳಿದ ಮೇಲೆ ಇವನಿಗೆ, ಊರಿಗೆ ಹೋಗಿ ಮೊದಲಿನಿಂದ ಕಲಿತು ಬಾ, ಇಲ್ಲದಿದ್ದರೆ ಬರಬೇಡ ಎಂದರು.

"ಉಳಿದ ಮೀಟರು ಎಂತ ಹೇಳ್ತಿತ್ತು?" ಎಂದು ಕೇಳಿದೆ. ನಾವು ಮನೆಯಲ್ಲಿ ಆಡುವುದು ತುಳು. ಅವನ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಎಲ್ಲ ಹೇಳ್ತಿತ್ತು ಅಕ್ಕ. ಸ್ಪೀಡ್ ಏರ್ತಾ ಉಂಟು, ಎತ್ತರ ಇಳೀತಾ ಉಂಟು, ನನಗೆ ಕಾಣ್ತಾ ಉಂಟು. ಆದ್ರೆ ಹೊರೈಝನ್ ಹಾಳಾಗಿದೆ ಅಂತ ತಲೆಗೆ ಹೋಗ್ಲೇ ಇಲ್ಲ." ಮತ್ತೆ ಹೇಳಿದ, "ಬಳೆ ಕೇಳ್ಲಿಲ್ಲ ಅಲ್ವಾ. ಬಳೆ ಕೇಳದಿದ್ರೆ ಎಲ್ಲ ಸರಿ ಉಂಟು ಅಂತ ಲೆಕ್ಕ."

ಅದರಲ್ಲಿ ದೂರು ಇರಲಿಲ್ಲ. ಅವನಿಗೇ ಆಶ್ಚರ್ಯ. ನಾನು ಅವನಿಗೆ ಮೀಟರು ನೋಡಲು ಬಿಟ್ಟಿರಲಿಲ್ಲ, ಕಿವಿ ಕೊಡಲು ಕಲಿಸಿದ್ದೆ. ಮೋಡದೊಳಗೆ ಸುಳ್ಳುಗಾರ ಎಂದು ಕ್ಯಾಪ್ಟನ್ ಸರ್ ಮೊದಲ ದಿನವೇ ಮುಟ್ಟಿ ತೋರಿಸಿದ ಅದೇ ಕಿವಿ.

ಮರುದಿನ ಬೆಳಿಗ್ಗೆ ಹೋಗಿ ಕ್ಯಾಪ್ಟನ್ ಸರ್ ಎದುರು ನಿಂತು ಎಲ್ಲ ಹೇಳಿದೆ. ಕೆಲಸದಿಂದ ತೆಗೆಯಿರಿ ಎಂದೂ ಹೇಳಿದೆ. ಅವರು ಕೇಳಿದರು, "ಅವನೊಬ್ಬನೇ ಅಂತ ನಿಮಗೆ ಹೇಗೆ ಗೊತ್ತು ಲೀಲಾ?"

ನಾನು ಬೆಂಚನ್ನು ನೋಡಿದೆ. ನಾನು ಸ್ವಿಚ್ಚು ಒತ್ತಿದಾಗಲೆಲ್ಲ ತಾಳ ಹಾಕುತ್ತಿದ್ದ ರೋಶನ್‌ನ ಬೆರಳು ನೆನಪಾಯಿತು. ಕರವಸ್ತ್ರ ಬಿಟ್ಟ ಮೇಲೆ ಆ ಪೆಟ್ಟಿಗೆಯಲ್ಲಿ ಕುಳಿತವರೆಲ್ಲ ನನ್ನ ಬಳೆ ಕೇಳಿದವರು. ಈಗ ಅವರು ಒಬ್ಬೊಬ್ಬರು ಒಂದೊಂದು ಊರಿನ ಆಕಾಶದಲ್ಲಿದ್ದಾರೆ.

"ಫೋನ್ ಮಾಡಿ," ಎಂದರು. "ನೀವೇ ಮಾಡಿ. ನಾನು ಹೇಳಿದ್ರೆ ಪಾಠ ಅಂದುಕೊಳ್ತಾರೆ. ನೀವು ಹೇಳಿದ್ರೆ ಮರೆಯುದಿಲ್ಲ."

ಅವರ ಮೇಜಿನ ಫೋನಿನಿಂದಲೇ ಒಬ್ಬೊಬ್ಬರಿಗೂ ಮಾಡಿದೆ. ನನ್ನಿಂದ ತಪ್ಪಾಗಿದೆ, ನನ್ನ ಬಳೆ ನಿಮಗೆ ಕೇಳಿಸುತ್ತಿತ್ತಾ ಎಂದು ಕೇಳಬೇಕಾಗಿತ್ತು. ಮೊದಲನೆಯವನು ನಕ್ಕುಬಿಟ್ಟ. "ಎಂತ ಲೀಲಕ್ಕ, ಅದು ನಮ್ಮ ಏಳನೇ ಮೀಟರ್ ಅಲ್ವಾ ಮಾರಾಯ್ರೆ. ಆರೂ ಸುಳ್ಳು ಹೇಳಿದ್ರೂ ಅದು ಹೇಳ್ತಿರಲಿಲ್ಲ." ಯತೀಶನ ವಿಷಯ ಹೇಳಿದೆ. ಅವನ ನಗು ನಿಂತಿತು. ಮತ್ತೆ ಪೆಟ್ಟಿಗೆಗೆ ಬಂದು ಕೂರುತ್ತೇನೆ ಅಕ್ಕ ಎಂದ, ಬಂದ ಕೂಡ. ಹಾಗೆ ಹಲವರು ರಜೆ ಹಾಕಿ ಬಂದು ಆ ಪಾಠವನ್ನು ಮತ್ತೆ ಕಲಿತು ಹೋದರು.

ಶಾಹಿನಾ ಮಾತ್ರ ಬೇರೆ ಹೇಳಿದಳು. "ನನಗೆ ಮೊದಲ ದಿನವೇ ಗೊತ್ತಾಗಿತ್ತು ಅಕ್ಕ. ಅದಕ್ಕೇ ಹತ್ತಿ ಇಡ್ತಿದ್ದದ್ದು."

"ನನ್ನತ್ರ ಹೇಳ್ಬಾರದಿತ್ತಾ ಮಗಾ?"

"ಹೇಗೆ ಹೇಳುದು? ನೀವು ಎಣ್ಣೆ ಬಿಸಿ ಮಾಡಿ ತಂದಿದ್ರಿ."

ಅಂದು ಸಂಜೆ ಬಳೆಗಳನ್ನು ಒಂದೊಂದಾಗಿ ತೆಗೆದೆ. ಬೋಳು ಕೈ ಒಳ್ಳೆಯದಲ್ಲ ಎಂದು ಅಮ್ಮ ಬಹಳ ಹೇಳಿದರು.

ಯತೀಶ ಮತ್ತೆ ಪೆಟ್ಟಿಗೆಯಲ್ಲಿ ಕುಳಿತ. ನಿಮ್ಮಲ್ಲಿ ಯಾರಿಗಾದರೂ ನಿಮ್ಮವರನ್ನೇ ಕಲಿಸುವ ಸಂದರ್ಭ ಬಂದರೆ ಇದನ್ನು ನೆನಪಿಟ್ಟುಕೊಳ್ಳಿ. ಕ್ಯಾಪ್ಟನ್ ಸರ್ ಸನ್ನೆ ಮಾಡುತ್ತಿದ್ದರು, ನಾನು ಸ್ವಿಚ್ಚು ಒತ್ತುತ್ತಿದ್ದೆ. ಮೇಜಿನ ಮೇಲಿನ ಜೊತೆಗಾರ ಮುಖಗಳಲ್ಲಿ ಅವನು ಬೀಳುವುದು ನನಗೆ ಕಾಣುತ್ತಿತ್ತು. ಎತ್ತರದ ಸೂಜಿ ಗಿರಗಿರನೆ ಇಳಿಯುತ್ತಿತ್ತು. ಪರದೆಯ ಆಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವನಿದ್ದ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂರುತ್ತಿದ್ದೆ. ಕೆಂಪು ದೀಪ ಹೊತ್ತುತ್ತಿತ್ತು. ಅವನು ಬೆವರು ಒರೆಸಿಕೊಂಡು, ಇನ್ನೊಮ್ಮೆ ಎನ್ನುತ್ತಿದ್ದ. ಮಳೆಗಾಲ ಶುರುವಾಗಿ ಮುಗಿಯುವವರೆಗೂ ಹೀಗೆಯೇ ನಡೆಯಿತು.

ಒಂದು ದಿನ ಹೊರೈಝನ್ ವಾಲತೊಡಗಿತು. ಒಳಗೆ ಸದ್ದಿಲ್ಲ. ಇನ್ನೂ ವಾಲಿತು. ನಾನು ಕೆಂಪು ದೀಪವನ್ನೇ ನೋಡುತ್ತಿದ್ದೆ. ಆಗ ಬಿಲ್ಲೆ ಒತ್ತಿದ ಸಣ್ಣ ಸದ್ದು ಕೇಳಿತು. ಯಾರೂ ಹೇಳದೆ, ಯಾವ ಸುಳಿವೂ ಇಲ್ಲದೆ, ಬರೀ ಐದು ಮುಖಗಳನ್ನು ಒಂದಕ್ಕೊಂದು ತಾಳೆ ಹಾಕಿ, ಅಷ್ಟು ನಂಬಿಕೆಯ ಆರನೆಯದನ್ನು ಅವನೇ ಸುಳ್ಳೆಂದು ಕಂಡುಕೊಂಡಿದ್ದ. ಪೆನ್ನು ಒಂದು ಕ್ಷಣ ಡೊಂಕಾಗಿ, ಮತ್ತೆ ನೆಟ್ಟಗಾಗಿ, ಮೆಲ್ಲನೆ ರನ್‌ವೇಯ ಗೆರೆಗೆ ಬಂದು ಸೇರಿತು. ಎಂಥ ದೊಡ್ಡ ಕೆಲಸದ ಪಕ್ಕದಲ್ಲಿ ಇಷ್ಟು ವರ್ಷ ಕುಳಿತಿದ್ದೆ ಎಂದು ನನಗೆ ನಿಜವಾಗಿ ತಿಳಿದದ್ದು ಆವತ್ತು. ಅದನ್ನೇ ನಾನು ಬಳೆಯಿಂದ ಅಗ್ಗ ಮಾಡಿದ್ದೆ.

ಈಗ ಯತೀಶ ದೊಡ್ಡ ವಿಮಾನದಲ್ಲಿ ಸಹ ಪೈಲಟ್. ಒಂದು ಸಲ ದೋಹಾದಿಂದ ಗಾಜಿನ ಬಳೆಗಳನ್ನೇ ತಂದು ಕೊಟ್ಟ, ನಗುತ್ತಾ. ಅವು ಬಂದ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೇನೆ. ಕೇಂದ್ರವೂ ಬದಲಾಗಿದೆ. ಸೂಜಿಯ ಮುಖಗಳ ಬದಲು ಟಿವಿಯಂಥ ದೊಡ್ಡ ಪರದೆ ಬಂದಿದೆ, ಯಾವ ಮೀಟರು ಯಾವಾಗ ಕೆಡಬೇಕೆಂದು ಕಂಪ್ಯೂಟರೇ ನಿಶ್ಚಯಿಸುತ್ತದೆ, ಆಪರೇಟರ್ ಗಾಜಿನ ಆಚೆಯ ಬೇರೆ ಕೋಣೆಯಲ್ಲಿ ಕೂರುತ್ತಾರೆ. ಒಳ್ಳೆಯದಾಯಿತು. ಆದರೂ ಹೊಸಬರಿಗೆ ಒಂದು ಮಾತು. ಒಳಗೆ ಕುಳಿತವರ ಮೇಲೆ ಪ್ರೀತಿ ಇದ್ದರೆ ಅವರು ಬೀಳುವುದನ್ನು ನೋಡುವಷ್ಟು ಗಟ್ಟಿ ಆಗಿ. ಪೆಟ್ಟಿಗೆ ನೆಲದ ಮೇಲೆ ಇರುವುದೇ ಅಲ್ಲಿ ಬೀಳಲಿ ಎಂದು.

ಅಂದು ಮಾಡಿದ ಫೋನುಗಳಲ್ಲಿ ಒಂದು ಮಾತ್ರ ಹೋಗಲಿಲ್ಲ. ರೋಶನ್‌ನದು. ಆ ನಂಬರು ಬಳಕೆಯಲ್ಲಿ ಇಲ್ಲ ಎಂದಿತು. ಕ್ಯಾಪ್ಟನ್ ಸರ್ ಪುತ್ತೂರಿನಲ್ಲಿ ವಿಚಾರಿಸಿದರು. ಮನೆಯವರು ಮನೆ ಮಾರಿ ಬೇರೆ ದೇಶಕ್ಕೆ ಹೋಗಿದ್ದರು. ಯತೀಶನೂ ಹೋದ ಊರಿನಲ್ಲೆಲ್ಲ ಕೇಳುತ್ತಾನೆ. ರೋಶನ್ ಹಾರುತ್ತಿದ್ದಾನೋ, ಬಿಟ್ಟಿದ್ದಾನೋ ಗೊತ್ತಿಲ್ಲ. ಮಳೆಗಾಲದ ಬೆಳಿಗ್ಗೆ ಬಜಪೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ಮೋಡದೊಳಗೆ ಎಲ್ಲೋ ಗುಂಯ್‌ಗುಡುವಾಗ ನಾನು ಪಾತ್ರೆ ತೊಳೆಯುತ್ತಿದ್ದರೂ ಕೈ ನಿಲ್ಲಿಸುತ್ತೇನೆ. ಅದು ದೂರ ಹೋಗುವವರೆಗೆ ಅಲ್ಲಾಡಿಸುವುದಿಲ್ಲ.

ಈ ಬರಹ ಯಾರ ಕೈಯಿಂದಾದರೂ ಅವನಿಗೆ ತಲುಪಲಿ. ರೋಶನ್, ನಾನು ಲೀಲಕ್ಕ. ನನ್ನ ಕೈಯಲ್ಲಿ ಈಗ ಬಳೆ ಇಲ್ಲ ಮಗಾ. ಏನೂ ಕೇಳಿಸದಿದ್ದರೆ ಎಲ್ಲ ಸರಿ ಉಂಟು ಎಂದುಕೊಳ್ಳಬೇಡ. ಸೂಜಿ ನೋಡು.